ಸೋಮವಾರದ ಸಂಸಾರ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದೇ ಒಂದು ಪದ: ‘ಉದಾಹರಣೆಗೆ’. ಹನ್ನೊಂದು ವರ್ಷದ ಹಿಂದೆ ಪತ್ರಿಕೆಯ ಪುಟ ಕಟ್ಟುವವನೊಬ್ಬ ಅದನ್ನು ಕತ್ತರಿಸಿ ಎಸೆದಿದ್ದ. ಅವನನ್ನು ಬೈದು ಪ್ರಯೋಜನವಿಲ್ಲ. ಅಂಕಣ ಅರ್ಧ ಸಾಲು ಉದ್ದವಾಗಿತ್ತು, ಪಕ್ಕದಲ್ಲಿದ್ದ ಹಾಸಿಗೆ ಕಂಪನಿಯ ಜಾಹೀರಾತು ಕೂದಲೆಳೆಯಷ್ಟೂ ಸರಿಯಲು ಒಪ್ಪಲಿಲ್ಲ, ಅವನು ಹುಡುಕಿ ಹುಡುಕಿ ಯಾರಿಗೂ ಬೇಡವಾದ ಒಂದು ಪದವನ್ನು ತೆಗೆದ.

ಆ ಪದ ಇದ್ದಾಗ ವಾಕ್ಯ ಹೀಗಿತ್ತು: ‘ಉದಾಹರಣೆಗೆ, ಗಂಡನಿಗೆ ಮೂವತ್ತೆಂಟು, ಹೆಂಡತಿಗೆ ಮೂವತ್ನಾಲ್ಕು, ಎಂಟರ ಮಗ, ಐದರ ಮಗಳು, ಮಂಡಿನೋವಿನ ಅತ್ತೆ ಇರುವ ಒಂದು ಸಂಸಾರ.’ ಪದ ಹೋದ ಮೇಲೆ ಉಳಿದದ್ದು ಬರೀ ಸಂಸಾರ. ಅದು ಅಚ್ಚಾದ ವಾರವೇ ಓದುಗರಿಂದ ಹನ್ನೆರಡು ಕಾಗದ ಬಂದವು. ಆ ಅತ್ತೆಯ ಮಂಡಿಗೆ ಯಾವ ಎಣ್ಣೆ ಹಚ್ಚುತ್ತಾರೆ ಅಂತ ಒಬ್ಬರು ಕೇಳಿದ್ದರು. ಗಂಡ ಸ್ವಲ್ಪ ಕೈ ಬಿಗಿ ಹಿಡಿದರೆ ಮಗಳ ಓದಿಗೆ ಆದೀತು ಅಂತ ಇನ್ನೊಬ್ಬರು ಬುದ್ಧಿ ಹೇಳಿದ್ದರು.

ಅಂಕಣ ಬರೆಯುತ್ತಿದ್ದ ನಮ್ಮ ಕಥಾನಾಯಕ ಆಗಲೇ ‘ಸ್ವಾಮಿ, ಅಂಥ ಸಂಸಾರ ಇಲ್ಲ’ ಅಂತ ಒಂದು ತಿದ್ದುಪಡಿ ಹಾಕಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದುವರೆಗೆ ಮೂರು ವರ್ಷ ಬಡ್ಡಿ, ವಿಮೆ, ಉಳಿತಾಯ ಅಂತ ಬರೆದರೂ ಅವನಿಗೆ ಬಂದಿದ್ದ ಓದುಗರ ಕಾಗದ ಒಂದೇ, ಅದೂ ಅವನ ಮಾವನದು. ಹನ್ನೆರಡು ಕಾಗದ ಕಂಡು ಅವನ ಕಣ್ಣು ಮಂಜಾಯಿತು. ಮುಂದಿನ ಸೋಮವಾರ ಆ ಸಂಸಾರಕ್ಕೆ ಕಂತಿನ ಮೇಲೆ ಒಂದು ಫ್ರಿಜ್ ಕೊಡಿಸಿದ. ಅಲ್ಲಿಂದ ತಿರುಗಿ ನೋಡಿದ್ದೇ ಇಲ್ಲ.

ಅವನನ್ನು ಅವನಿದ್ದ ನಾಲ್ಕಂತಸ್ತಿನ ಕಟ್ಟಡದಲ್ಲಿ ಎಲ್ಲರೂ ‘ಶೇಕಡಾ’ ಅಂತ ಕರೆಯುತ್ತಿದ್ದರು. ಇವತ್ತು ಮಳೆ ಬರುತ್ತಾ ಅಂತ ಕೇಳಿದರೆ ಅವನು ಆಕಾಶ ನೋಡದೆ “ಶೇಕಡಾ ಅರವತ್ತು” ಅನ್ನುವ ಗಿರಾಕಿ. ನಾವೂ ಹಾಗೇ ಕರೆಯೋಣ.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಶೇಕಡಾನ ಫೋನು ಹೊಡೆದುಕೊಂಡಿತು. ಆ ಕಡೆ ಪತ್ರಿಕೆಯ ಸಂಪಾದಕರು.

“ಏನ್ರೀ, ಸಂಜೆ ಐದಕ್ಕೆ ಓದುಗರ ಉಳಿತಾಯ ಮೇಳ, ನೆನಪಿದೆ ತಾನೆ?”

“ಇದೆ ಸಾರ್. ಭಾಷಣ ಬರ್ಕೊಂಡಿದೀನಿ. ಹದಿನೆಂಟು ನಿಮಿಷ.”

“ನಿಮ್ಮ ಭಾಷಣ ಯಾರಿಗ್ರೀ ಬೇಕು? ಜನ ಬರ್ತಿರೋದು ಆ ಸಂಸಾರನ ನೋಡೋಕೆ. ನಮ್ಮ ಜಾಹೀರಾತು ಮ್ಯಾನೇಜರು ವಿಮಾ ಕಂಪನಿಯೋರಿಗೆ ಮಾತು ಕೊಟ್ಟುಬಿಟ್ಟಿದಾನೆ. ದುಡ್ಡೂ ಇಸ್ಕೊಂಡಾಗಿದೆ. ಗಂಡ, ಹೆಂಡ್ತಿ, ಆ ಅತ್ತೆ, ಮೂರೂ ಜನನ ವೇದಿಕೆ ಮೇಲೆ ಕೂರಿಸಬೇಕು. ಕರ್ಕೊಂಡು ಬಂದ್ಬಿಡಿ.”

ಶೇಕಡಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. “ಸಾರ್, ಅವರು... ಅವರು ಸ್ವಲ್ಪ ಸಂಕೋಚದ ಜನ.”

“ನೀವು ಕರೆದರೆ ಬರಲ್ವಾ? ಹನ್ನೊಂದು ವರ್ಷದ ಒಡನಾಟ! ಅಥವಾ...” ಸಂಪಾದಕರ ದನಿ ಇದ್ದಕ್ಕಿದ್ದಂತೆ ತಣ್ಣಗಾಯಿತು. “ಅಥವಾ ಆ ಸಿನಿಮಾ ಪುಟದವನ ಥರ ಏನಾದ್ರೂ...”

“ಛೆ ಛೆ! ಬರ್ತಾರೆ ಸಾರ್. ಶೇಕಡಾ ನೂರು!” ಅಂತ ಕಿರುಚಿ ಶೇಕಡಾ ಫೋನಿಟ್ಟ.

ಸಿನಿಮಾ ಪುಟದವನ ಕತೆ ಕಚೇರಿಗೆಲ್ಲ ಗೊತ್ತು. ಹೋದ ತಿಂಗಳು ಅವನು ಒಬ್ಬ ನಟನನ್ನು ಭೇಟಿಯಾಗದೆ ಅವನ ಸಂದರ್ಶನ ಬರೆದಿದ್ದ. ಸಂಪಾದಕರು ಹತ್ತು ನಿಮಿಷದಲ್ಲಿ ಅವನ ಮೇಜು ಖಾಲಿ ಮಾಡಿಸಿ, ಆ ಜಾಗದಲ್ಲಿ ‘ಕಟ್ಟುಕತೆ ಕಟ್ಟುವವರಿಗೆ ಇಲ್ಲಿ ಕೆಲಸವಿಲ್ಲ’ ಅಂತ ಬೋರ್ಡು ತೂಗುಹಾಕಿದ್ದರು. ಶೇಕಡಾ ದಿನಾ ಅದರ ಕೆಳಗೆ ತಲೆ ತಗ್ಗಿಸಿ ಹಾದು ಹೋಗುತ್ತಿದ್ದ. ವಯಸ್ಸು ನಲವತ್ತೇಳು. ಈ ಕೆಲಸ ಹೋದರೆ ಇನ್ನೊಂದು ಸಿಗುವ ಸಾಧ್ಯತೆ ಎಷ್ಟು ಅಂತ ಅವನು ಲೆಕ್ಕ ಹಾಕಿದ್ದ. ಬಂದ ಉತ್ತರವನ್ನು ಹೆಂಡತಿಗೂ ಹೇಳಿರಲಿಲ್ಲ.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಬಾಗಿಲು ತಟ್ಟದೆ ಒಳಗೆ ಬಂದವರು ಮೇಲ್ಮಹಡಿಯ ಹೆಡ್‌ಮೇಡಂ. ಮೂವತ್ತೈದು ವರ್ಷ ಶಾಲೆ ನಡೆಸಿ ನಿವೃತ್ತರಾಗಿದ್ದರೂ ಅವರಿಗೆ ಇಡೀ ಕಟ್ಟಡ ತಮ್ಮ ಶಾಲೆಯೇ.

“ಯಾಕೆ ಕಿರುಚಿದ್ದು? ನಮ್ಮ ನೆಲಕ್ಕೆಲ್ಲ ಕೇಳಿಸ್ತು.”

ಹೆಡ್‌ಮೇಡಂ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ. ಶೇಕಡಾ ಎಲ್ಲವನ್ನೂ ಒಪ್ಪಿಕೊಂಡ. ಅಡುಗೆಮನೆಯಿಂದ ಹೆಂಡತಿಯೂ ಬಂದು, ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

“ಅಂದ್ರೆ ಆ ಹೆಂಗಸು ಇಲ್ವೇ ಇಲ್ವಾ?” ಅಂದಳು ಹೆಂಡತಿ. ಅವಳ ಮುಖದಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ ಹೇಳುವುದು ಕಷ್ಟ.

“ಅಳ್ತಾ ಕೂರೋದು ಆಮೇಲೆ,” ಅಂದರು ಹೆಡ್‌ಮೇಡಂ. “ಸಂಸಾರ ಇಲ್ಲದಿದ್ರೆ ಮಾಡ್ಕೋಬೇಕು. ಅತ್ತೆ ಪಾತ್ರ ನಂದು. ಗಂಡ ಹೇಗಿರ್ತಾನೆ?”

ಅಂಕಣದ ತಲೆಯ ಮೇಲೆ ಪ್ರತಿವಾರ ಶೇಕಡಾನ ಫೋಟೋ ಬರುತ್ತಿರಲಿಲ್ಲ, ಆ ಸಂಸಾರದ ಒಂದು ಚಿತ್ರ ಬರುತ್ತಿತ್ತು. ಕಲಾವಿದ ಗಂಡನಿಗೆ ದಪ್ಪ ಮೀಸೆ ಬರೆದಿದ್ದ. ಹೆಡ್‌ಮೇಡಂ ಕನ್ನಡಕ ಏರಿಸಿ ಚಿತ್ರ ನೋಡಿದರು, ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದರು, “ಏಯ್, ಬಾ ಇಲ್ಲಿ!” ಅಂತ ಕೂಗಿದರು.

ಕೆಳಗೆ ಕಾರು ಒರೆಸುತ್ತಿದ್ದವನು ನೆಲಮಹಡಿಯ ಡ್ರೈವಿಂಗ್ ಮೇಷ್ಟ್ರು. ಮೂವತ್ತೊಂಬತ್ತು ವಯಸ್ಸು, ಬ್ರಹ್ಮಚಾರಿ, ಮೀಸೆ ಚಿತ್ರದಲ್ಲಿದ್ದದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಹದಿನೈದು ವರ್ಷ ಕಲಿಯುವವರ ಪಕ್ಕ ಕೂತು ಕೂತು ಅವನಿಗೊಂದು ಅಭ್ಯಾಸವಾಗಿತ್ತು: ಎದುರಿನವರು ಯಾರಾದರೂ ಜೋರಾಗಿ ಮಾತಾಡಿದರೆ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಬ್ರೇಕು ಅಲ್ಲೇ ಇದೆಯೇನೋ ಅನ್ನುವಂತೆ. ನಾಲ್ಕನೇ ತರಗತಿಯಲ್ಲಿ ಹೆಡ್‌ಮೇಡಂ ಕೈಯಲ್ಲಿ ಕಲಿತವನು, ಇಂದಿಗೂ ಅವರ ದನಿ ಕೇಳಿದರೆ ನೆಟ್ಟಗೆ ನಿಲ್ಲುತ್ತಿದ್ದ.

“ಸಂಜೆ ಎರಡು ಗಂಟೆ ಹೊತ್ತು ನೀನು ನನ್ನ ಮಗ,” ಅವನು ಮೇಲೆ ಬಂದ ಕೂಡಲೇ ಅಂದರು ಹೆಡ್‌ಮೇಡಂ.

“ಆಗ್ಲಿ ಮೇಡಂ,” ಅಂದ ಮೇಷ್ಟ್ರು. ಯಾಕೆ ಅಂತಲೂ ಕೇಳಲಿಲ್ಲ.

“ಇನ್ನು ಹೆಂಡ್ತಿ,” ಅಂತ ಹೆಡ್‌ಮೇಡಂ ಸುತ್ತ ನೋಡಿದರು. ಮನೆಯಲ್ಲಿ ಉಳಿದಿದ್ದ ಹೆಂಗಸು ಒಬ್ಬಳೇ.

“ಮೇಡಂ, ಅವಳು ನನ್ನ ಹೆಂಡ್ತಿ!” ಶೇಕಡಾ ಹಾವು ತುಳಿದವನಂತೆ ಹಾರಿದ.

“ಐದರಿಂದ ಏಳರವರೆಗೆ ಅಲ್ಲ. ನಿಮ್ಮ ಆಫೀಸಲ್ಲಿ ಇವಳನ್ನ ಯಾರಾದ್ರೂ ನೋಡಿದಾರಾ?”

ಯಾರೂ ನೋಡಿರಲಿಲ್ಲ. ಕಚೇರಿಯ ಸಮಾರಂಭಗಳಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವುದು ಶೇಕಡಾನ ಪ್ರಕಾರ ತಪ್ಪಿಸಬಹುದಾದ ವೆಚ್ಚ. ಈ ವಿಷಯದ ಮೇಲೆ ಅವನು ಒಂದು ಅಂಕಣವನ್ನೂ ಬರೆದಿದ್ದ.

“ಆದ್ರೆ ಇವಳಿಗೆ ಆ ಸಂಸಾರದ ವಿವರ ಒಂದೂ ಗೊತ್ತಿಲ್ಲ ಮೇಡಂ. ಹನ್ನೊಂದು ವರ್ಷದ ಲೆಕ್ಕ! ಜನ ಕೆದಕಿ ಕೆದಕಿ ಕೇಳ್ತಾರೆ.”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಮೊದಲ ವರ್ಷ ಫ್ರಿಜ್. ಎರಡನೇ ವರ್ಷ ಅವಳ ಹೆಸರಲ್ಲಿ ಬೇರೆ ಖಾತೆ. ಮೂರನೇ ವರ್ಷ ಬಟ್ಟೆ ಒಗೆಯೋ ಮಿಷನ್ನು, ಅದೂ ಮುಂದಗಡೆ ಬಾಗಿಲಿರೋ ದುಬಾರಿದು. ಐದನೇ ವರ್ಷ ಬೆಟ್ಟದ ಮೇಲೆ ನಾಲ್ಕು ದಿನ ರಜ. ಆರನೇ ವರ್ಷ ಅತ್ತೆಗೆ ಮಂಡಿ ಆಪರೇಷನ್ನು, ವಿಮೆಯೋರು ಪೂರ್ತಿ ಕೊಟ್ರು. ಎಂಟನೇ ವರ್ಷ ಕಿವಿಗೆ ಓಲೆ, ‘ಚಿನ್ನ ಹೂಡಿಕೆಯೂ ಹೌದು’ ಅಂತ ಬರೆದಿದ್ರಿ. ಆ ಹೆಂಗಸಿಗೆ ನೀವು ಏನೇನು ಕೊಡಿಸಿದೀರಿ ಅನ್ನೋದು ನನಗೆ ಬಾಯಿಪಾಠ ರೀ. ನಾನು ಈ ಎರಡು ಕೈಯಲ್ಲಿ ಬಟ್ಟೆ ಒಗೀತಾ ಅದನ್ನೇ ಹೇಳ್ಕೋತಿದ್ದೆ.”

 ಮೇಷ್ಟ್ರು ಮೆಲ್ಲಗೆ ನೆಲ ಒತ್ತಿದ.

“ಪಾಸು,” ಅಂದರು ಹೆಡ್‌ಮೇಡಂ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ತಾಲೀಮು ನಡೆಯಿತು. ಮೇಷ್ಟ್ರಿಗೆ ಚಕ್ರಬಡ್ಡಿ ಅಂದರೇನು ಅಂತ ಶೇಕಡಾ ಏಳು ಸಲ ಹೇಳಿಕೊಟ್ಟ. ಏಳನೇ ಸಲ ಅವನು, “ಅಂದ್ರೆ ಸರ್ಕಲ್ಲಿನ ರೌಂಡಾಣ ಥರ. ಒಳಗೆ ಹೋಗೋದು ಸುಲಭ, ಹೊರಗೆ ಬರೋಕೆ ದಾರಿ ನೋಡ್ಕೋಬೇಕು,” ಅಂದ. ಶೇಕಡಾ ಗೋಡೆಗೆ ಹಣೆ ಚಚ್ಚಿಕೊಂಡ. ಹೆಡ್‌ಮೇಡಂ ಕೋಲಿನ ಬದಲು ಅಳತೆಪಟ್ಟಿ ಹಿಡಿದು ಕೂತಿದ್ದರು. ಸುದ್ದಿ ಕಟ್ಟಡಕ್ಕೆಲ್ಲ ಹರಡಿ, ಒಬ್ಬರು ಹೆಂಡತಿಗೆ ಓಲೆ ತಂದುಕೊಟ್ಟರು, ಇನ್ನೊಬ್ಬರು ಮೇಷ್ಟ್ರ ಮೀಸೆಗೆ ಎಣ್ಣೆ ಹಚ್ಚಿದರು. ಮೇಷ್ಟ್ರಿಗೆ ತೊಡಿಸಲು ಒಳ್ಳೆಯ ಕೋಟು ಇಡೀ ಕಟ್ಟಡದಲ್ಲಿ ಇದ್ದದ್ದು ಒಂದೇ, ಶೇಕಡಾನದು. ಅದನ್ನೂ ಬಿಚ್ಚಿಕೊಟ್ಟು ಅವನು ಕಾಲರು ಸವೆದ ಅಂಗಿಯಲ್ಲಿ ಉಳಿದ.

“ಮಕ್ಕಳು?” ಅಂತ ಯಾರೋ ನೆನಪಿಸಿದರು.

“ಪರೀಕ್ಷೆ ಅಂತ ಹೇಳಿ,” ಅಂದರು ಹೆಡ್‌ಮೇಡಂ. “ಮಕ್ಕಳಿಗೆ ಯಾವಾಗಲೂ ಯಾವುದಾದರೂ ಪರೀಕ್ಷೆ ಇದ್ದೇ ಇರುತ್ತೆ.”

ನಾಲ್ಕು ಗಂಟೆಗೆ ಎಲ್ಲರೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಹೊರಟರು. ತಲೆಯ ಮೇಲೆ ‘ಕಲಿಯುತ್ತಿದ್ದೇವೆ, ದೂರವಿರಿ’ ಅನ್ನುವ ಬೋರ್ಡಿತ್ತು. ಮುಂದೆ ಮೇಷ್ಟ್ರು ಮತ್ತು ಹೆಂಡತಿ, ಹಿಂದೆ ಹೆಡ್‌ಮೇಡಂ ಮತ್ತು ಶೇಕಡಾ. ದಾರಿಯುದ್ದಕ್ಕೂ ಮೇಷ್ಟ್ರು ಗೇರು ಹಾಕುವುದು ಹೇಗೆ ಅಂತ ಹೆಂಡತಿಗೆ ತೋರಿಸಿಕೊಡುತ್ತಿದ್ದ, ಅವಳು ನಗುತ್ತಿದ್ದಳು. ಅದೇನು ಅಷ್ಟು ನಗುವ ವಿಷಯ ಅಂತ ಶೇಕಡಾನಿಗೆ ತಿಳಿಯಲಿಲ್ಲ.

ಸಭಾಂಗಣ ಕಿಕ್ಕಿರಿದಿತ್ತು. ಎಂಟುನೂರು ಕುರ್ಚಿ, ಎಂಟುನೂರೂ ಭರ್ತಿ, ಗೋಡೆ ಬದಿಯಲ್ಲಿ ನಿಂತವರು ಬೇರೆ. ವಿಮಾ ಕಂಪನಿಯವರು ಬಾಗಿಲಲ್ಲಿ ಪುಕ್ಕಟೆ ಪೆನ್ನು ಹಂಚುತ್ತಿದ್ದರು. ಮೂವರೂ ವೇದಿಕೆ ಹತ್ತಿದ್ದೇ ತಡ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡು, “ಚಿತ್ರದಲ್ಲಿರೋ ಹಾಗೇ ಇದಾರೆ ನೋಡಿ, ಸ್ವಲ್ಪ ಸೊರಗಿದಾರೆ ಅಷ್ಟೇ,” ಅಂದಳು. ಸಂಪಾದಕರು ಶೇಕಡಾನ ಬೆನ್ನು ತಟ್ಟಿ, “ನಾನು ಸುಮ್ಮನೆ ಅನುಮಾನ ಪಟ್ಟೆ ಕಣ್ರೀ,” ಅಂದರು. ಶೇಕಡಾ ಪರದೆಯ ಪಕ್ಕದಲ್ಲಿ ನಿಂತು ಬೆವರೊರೆಸಿಕೊಂಡ.

ಮೊದಲ ಪ್ರಶ್ನೆ ಕೇಳಲು ಎದ್ದವರು ಒಬ್ಬ ಮುದುಕರು. ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಫೈಲು. ಹನ್ನೊಂದು ವರ್ಷದ ಅಂಕಣವನ್ನೆಲ್ಲ ಕತ್ತರಿಸಿ ಅಂಟಿಸಿದ್ದರು.

“ಏಳನೇ ವರ್ಷದಲ್ಲಿ ನೀವು ಸ್ಕೂಟರ್ ಸಾಲ ತೀರಿಸಿದ್ರಿ. ಒಂಬತ್ತನೇ ವರ್ಷದಲ್ಲಿ ಅದೇ ಸ್ಕೂಟರಿನ ಸಾಲನ ಇನ್ನೊಂದ್ಸಲ ತೀರಿಸಿದ್ರಿ. ಇದು ಹೇಗೆ?”

ಶೇಕಡಾ ಪರದೆಯ ಮರೆಗೆ ಇನ್ನಷ್ಟು ಸರಿದ. ಅದು ವಿಷಯ ಸಿಗದ ಒಂದು ವಾರ ಹಳೇ ಅಂಕಣವನ್ನೇ ಸ್ವಲ್ಪ ತಿರುಚಿ ಕೊಟ್ಟದ್ದು. ಮೇಷ್ಟ್ರು ಮುದುಕರನ್ನೇ ನೋಡಿದ. ಬಲಗಾಲು ಮೇಜಿನ ಕೆಳಗೆ ಮೆಲ್ಲಗೆ ನೆಲ ಒತ್ತಿತು.

“ಸ್ವಾಮಿ, ಗಾಡಿ ನಿಲ್ಲಿಸಿ ಇಳಿದ ಮೇಲೂ ಒಳ್ಳೆ ಡ್ರೈವರು ಏನು ಮಾಡ್ತಾನೆ? ತಿರುಗಿ ಬಂದು ಹ್ಯಾಂಡ್‌ಬ್ರೇಕ್ ಹಾಕಿದೀನಾ ಅಂತ ಇನ್ನೊಂದ್ಸಲ ನೋಡ್ತಾನೆ. ಸಾಲಾನೂ ಹಾಗೇ.”

 ಸಭೆಯಲ್ಲಿ ಚಪ್ಪಾಳೆ ಬಿತ್ತು. ಮುದುಕರು ಪುಕ್ಕಟೆ ಪೆನ್ನು ತೆಗೆದು ಫೈಲಿನ ಮೇಲೆ ಅದನ್ನು ಬರೆದುಕೊಂಡರು.

ಅಲ್ಲಿಂದ ಮೇಷ್ಟ್ರನ್ನು ಹಿಡಿಯುವವರಿಲ್ಲ. ಷೇರು ಕೊಳ್ಳಬಹುದಾ ಅಂತ ಕೇಳಿದವರಿಗೆ, “ಮುಂದಿನ ಗಾಡಿ ಓಡ್ತಿದೆ ಅಂತ ಅದರ ಹಿಂದೆ ಅಂಟ್ಕೋಬೇಡಿ, ಅವನು ಬ್ರೇಕ್ ಹಾಕಿದ್ರೆ ನೀವು ಅವನ ಡಿಕ್ಕಿಯೊಳಗೆ,” ಅಂದ. ಸಾಲದ ಬಗ್ಗೆ ಕೇಳಿದವರಿಗೆ, “ಇಳಿಜಾರಲ್ಲಿ ನ್ಯೂಟ್ರಲ್ ಹಾಕಬೇಡಿ, ಅಷ್ಟೇ,” ಅಂದ. ಎಂಟುನೂರು ಪೆನ್ನುಗಳು ಓಡಿದವು. ಐನೂರೆಪ್ಪತ್ತು ಅಂಕಣ ಬರೆದರೂ ತನಗೆ ಸಿಗದ ಚಪ್ಪಾಳೆ ಒಬ್ಬ ಕ್ಲಚ್ಚಿನವನಿಗೆ ಸಿಗುತ್ತಿರುವುದನ್ನು ನೋಡುತ್ತ ಶೇಕಡಾ ಪರದೆಯ ಅಂಚನ್ನು ಹಿಂಡುತ್ತಿದ್ದ.

“ಅತ್ತೆಯೋರೇ,” ಅಂದರು ಒಬ್ಬರು, “ಆಪರೇಷನ್ನು ಬಲ ಮಂಡಿಗೆ ಅಂತ ಓದಿದ ನೆನಪು. ನೀವು ಎಡ ಮಂಡಿ ಹಿಡ್ಕೊಂಡು ಬಂದ್ರಲ್ಲ?”

“ಆಪರೇಷನ್ ಆಗಿದ್ದು ಬಲಕ್ಕೇ. ಅದು ಕಲ್ಲಿನ ಹಾಗಿದೆ. ನೋಯೋದು ಆಪರೇಷನ್ ಆಗದೇ ಇರೋ ಎಡ ಮಂಡಿ!” ಅಂತ ಹೆಡ್‌ಮೇಡಂ ಗದರಿದರು. ಕೇಳಿದವರು ಕೂತುಬಿಟ್ಟರು.

ಇನ್ನೊಬ್ಬಳು ಎದ್ದು, “ನಿಮ್ಮ ಮಗಳಿಗೆ ಹನ್ನೊಂದು ವರ್ಷದಿಂದ ಐದೇ ವರ್ಷ. ಅದು ಹೇಗಮ್ಮಾ?” ಅಂದಳು. ಮಕ್ಕಳಿಗೆ ವಯಸ್ಸಾಗುತ್ತದೆ ಅನ್ನುವುದು ಶೇಕಡಾನಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆದರೆ ಅವನ ಹೆಂಡತಿ ತಡವರಿಸಲೇ ಇಲ್ಲ.

“ಹೆಣ್ಣುಮಗುವಿನ ವಿಷಯ ಊರಿಗೆಲ್ಲ ಯಾಕೆ ತಿಳೀಬೇಕು ಅಂತ ನಾವೇ ವಯಸ್ಸು ಬದಲಾಯಿಸಬೇಡಿ ಅಂದ್ವಿ. ಬರೆಯೋರು ಪಾಪ, ಹೇಳಿದ ಹಾಗೆ ಕೇಳ್ತಾರೆ.”

ಸಭೆಯ ತಾಯಂದಿರೆಲ್ಲ ಹೌದೌದು ಅಂತ ತಲೆದೂಗಿದರು.

ಕೊನೆಗೆ ವಿಮಾ ಕಂಪನಿಯ ಮುಖ್ಯಸ್ಥೆ ಮೈಕು ಹಿಡಿದರು. “ಎಲ್ಲರೂ ಲೆಕ್ಕ ಕೇಳಿದ್ರಿ. ನಾನು ಬೇರೆ ಕೇಳ್ತೀನಿ. ನಿಮ್ಮ ಯಜಮಾನರು ಮನುಷ್ಯ ಹೇಗೆ?”

ಹೆಂಡತಿ ಸ್ವಲ್ಪ ಯೋಚಿಸಿದಳು. ಅವಳ ಕಿವಿಯಲ್ಲಿ ಬೇರೆಯವರ ಓಲೆ ಹೊಳೆಯುತ್ತಿತ್ತು.

“ಇವರು ತುಂಬ ದುಡಿಯೋರೇನಲ್ಲ,” ಅಂದಳು. “ಆದ್ರೆ ತಿಂಗಳ ಒಂದನೇ ತಾರೀಕು ನನ್ನ ಎದುರು ಕೂತ್ಕೋತಾರೆ. ಪೆನ್ನು ಕಾಗದ ತೆಗೆಯೋಕೆ ಮುಂಚೆ ಒಂದು ಮಾತು ಕೇಳ್ತಾರೆ. ನಿನಗೇನು ಬೇಕು ಅಂತ. ಕೊಡಿಸೋಕೆ ಆಗುತ್ತೋ ಇಲ್ವೋ, ಅದು ಆಮೇಲೆ. ಕೇಳ್ತಾರಲ್ಲ, ನನಗೆ ಅಷ್ಟು ಸಾಕು.”

ಸಭಾಂಗಣದಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು. ಪರದೆಯ ಪಕ್ಕ ನಿಂತಿದ್ದ ಶೇಕಡಾನ ಕೈಯಿಂದ ಪರದೆಯ ಅಂಚು ಜಾರಿತು. ಆ ಸಾಲು ಅವನದೇ. ಮೊದಲು ಹೆಂಡತಿಯನ್ನು ಕೇಳಿ, ಆಮೇಲೆ ಲೆಕ್ಕ ಹಾಕಿ ಅಂತ ಅವನು ಕಡಿಮೆಯೆಂದರೂ ನಲವತ್ತು ಸಲ ಬರೆದಿದ್ದ. ತನ್ನ ಹೆಂಡತಿಯನ್ನು ಒಂದು ಸಲವೂ ಕೇಳಿರಲಿಲ್ಲ. ಅವಳು ಮೇಷ್ಟ್ರ ಕಡೆ ನೋಡಿದ ರೀತಿ ಅವನಿಗೆ ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯಲ್ಲೇ ಆಗುತ್ತದೆ ಅಂತ ಅವನಿಗೆ ಅವತ್ತೇ ಗೊತ್ತಾದದ್ದು.

“ಅದ್ಭುತ!” ಅಂದರು ಮುಖ್ಯಸ್ಥೆ. “ಈ ದಂಪತಿಗೆ ನಮ್ಮ ಕಂಪನಿಯ ಕಡೆಯಿಂದ ಒಂದು ಕಾಣಿಕೆ. ಸಮುದ್ರತೀರದ ಹೋಟೆಲಲ್ಲಿ ಐದು ದಿನ. ಒಂದೇ ಕೋಣೆ, ಕಿಟಕಿ ತೆಗೆದರೆ ನೀರು. ಕಾರು ಹೊರಗೆ ನಿಂತಿದೆ, ಹೀಗೇ ಹೊರಟುಬಿಡಬಹುದು!”

ಜನ ಕೇಕೆ ಹಾಕಿದರು. ಮೇಷ್ಟ್ರ ಕಾಲು ದಬದಬ ನೆಲ ಒತ್ತತೊಡಗಿತು. ಹೆಂಡತಿ ಮೈಕಿನ ಕಡೆ ಬಾಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಪಕ್ಕದಿಂದ ಒಂದು ಸವೆದ ಕಾಲರು ವೇದಿಕೆಯ ನಡುವಿಗೆ ನುಗ್ಗಿತು.

“ನಿಲ್ಲಿಸಿ! ಎಲ್ಲಾ ಸುಳ್ಳು! ಇಂಥ ಸಂಸಾರ ಇಲ್ಲ! ಇದು ನಾನು ಕಟ್ಟಿದ ಕತೆ! ಇವನು ಡ್ರೈವಿಂಗ್ ಮೇಷ್ಟ್ರು, ಅವರು ಅತ್ತೆ ಅಲ್ಲ, ಇವಳು ನನ್ನ ಹೆಂಡ್ತಿ!”

ಎಂಟುನೂರು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಶೇಕಡಾ ಏದುಸಿರು ಬಿಡುತ್ತ ನಿಂತಿದ್ದ. ಕೆಲಸ ಹೋದರೆ ಹೋಗಲಿ, ಹೆಂಡತಿ ಉಳಿದರೆ ಸಾಕು ಅಂತ ಅವನು ಜೀವಮಾನದಲ್ಲಿ ಮೊದಲ ಸಲ ಲೆಕ್ಕ ಹಾಕದೆ ಒಂದು ತೀರ್ಮಾನ ಮಾಡಿದ್ದ.

ಫೈಲಿನ ಮುದುಕರು ಎದ್ದು ನಿಂತರು. ಫೈಲನ್ನು ತಲೆಯ ಮೇಲೆತ್ತಿ ಹಿಡಿದರು.

“ಸಂಸಾರ ಇಲ್ಲ ಅಂತೀಯಾ? ಇಲ್ಲಿ ನೋಡು! ಹನ್ನೊಂದು ವರ್ಷದ್ದು ಅಚ್ಚಾಗಿದೆ!”

“ಅದನ್ನ ಬರೆದವನೇ ನಾನು!”

“ಬರೆದವನಿಗೇನಯ್ಯಾ ಗೊತ್ತು? ಹನ್ನೊಂದು ವರ್ಷ ಓದಿದವನು ನಾನು!”

“ಕೆಳಗಿಳಿಸ್ರೀ ಅವನನ್ನ!” ಅಂತ ಹಿಂದಿನ ಸಾಲಿನಿಂದ ಕೂಗೆದ್ದಿತು. “ಮರ್ಯಾದಸ್ಥರ ಮನೆ ಹೆಂಗಸನ್ನ ತನ್ನ ಹೆಂಡ್ತಿ ಅಂತಾನೆ, ಅವನ ಅಂಗಿ ನೋಡಿ!” ಕಣ್ಣೊರೆಸಿಕೊಂಡಿದ್ದ ಹೆಂಗಸು ಪುಕ್ಕಟೆ ಪೆನ್ನನ್ನೇ ಅವನ ಮೇಲೆ ಎಸೆದಳು. ಅದನ್ನು ನೋಡಿ ಬೇರೆಯವರೂ ಎಸೆದರು. ಪೆನ್ನುಗಳ ಮಳೆಯೇ ಸುರಿಯಿತು.

ಸಂಪಾದಕರು ಓಡಿಬಂದು ಎರಡು ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿದರು. ಶೇಕಡಾನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮೈಕನ್ನು ಅವಳ ಮುಂದೆ ಹಿಡಿದರು.

“ಅಮ್ಮಾ, ನೀವೇ ಹೇಳಿ. ಇವರು ನಿಮಗೆ ಏನಾಗಬೇಕು?”

ಹೆಂಡತಿ ಗಂಡನ ಮುಖ ನೋಡಿದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳು, ಆ ಮುಖದಲ್ಲಿದ್ದದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಹೌದು ಅಂದರೆ ಇವರ ಕೆಲಸ ಈ ಕ್ಷಣವೇ ಹೋಗುತ್ತದೆ ಅನ್ನುವುದೂ ಅವಳಿಗೆ ಗೊತ್ತಿತ್ತು.

“ಏನೂ ಆಗಬೇಕಿಲ್ಲ,” ಅಂದಳು.  “ಯಾರೋ, ಪಾಪ. ಬರೆದು ಬರೆದು ಹೀಗಾಗಿದೆ ಅನ್ಸುತ್ತೆ. ಹೊಡೀಬೇಡಿ.”

ಹೊಡೆಯಲಿಲ್ಲ. ಇಬ್ಬರು ಕಾವಲುಗಾರರು ತೋಳು ಹಿಡಿದು ಅವನನ್ನು ವೇದಿಕೆಯ ಹಿಂದಿನ ಪಡಸಾಲೆಗೆ ಕರೆದೊಯ್ದು ಒಂದು ಮುರುಕು ಸ್ಟೂಲಿನ ಮೇಲೆ ಕೂರಿಸಿದರು. ಒಳಗಿನಿಂದ ಚಪ್ಪಾಳೆಯ ಮೇಲೆ ಚಪ್ಪಾಳೆ ಕೇಳಿಸುತ್ತಿತ್ತು. ಅರ್ಧ ಗಂಟೆಯ ಮೇಲೆ ಸಂಪಾದಕರು ಬಂದರು.

“ಸಾರ್, ನಾನು ಹೇಳಿದ್ದು ನಿಜ,” ಅಂತ ಶೇಕಡಾ ಎದ್ದು ನಿಂತ. “ಆ ಸಂಸಾರ ನಾನೇ ಕಟ್ಟಿದ್ದು. ಶಿಕ್ಷೆ ಕೊಡಿ, ಅನುಭವಿಸ್ತೀನಿ.”

“ಕೊಡ್ತೀನಿ,” ಅಂದರು ಸಂಪಾದಕರು. “ಎಂಟುನೂರು ಜನ ಕಣ್ಣಾರೆ ನೋಡಿದಾರೆ ಆ ಸಂಸಾರನ. ಮಾತಾಡಿಸಿದಾರೆ. ಮಂಡಿ ಯಾವುದು ಅಂತ ವಿಚಾರಿಸಿದಾರೆ. ಅಂಥ ಸಂಸಾರ ಇಲ್ಲವೇ ಇಲ್ಲ ಅಂತ ತುಂಬಿದ ಸಭೇಲಿ ಕತೆ ಕಟ್ಟಿದ್ರಲ್ರೀ! ನಮ್ಮಲ್ಲಿ ನಿಯಮ ಏನಂತ ಗೊತ್ತಲ್ಲ? ಸಿನಿಮಾ ಪುಟದವನಿಗೊಂದು, ನಿಮಗೊಂದು ಮಾಡೋಕಾಗಲ್ಲ. ನಾಳೆಯಿಂದ ಬರಬೇಡಿ.”

“ಸಾರ್! ನಿಜ ಹೇಳಿದ್ದಕ್ಕೆ...”

“ಅದನ್ನೇ ಅವನೂ ಹೇಳಿದ್ದ,” ಅಂದು ಸಂಪಾದಕರು ಹೊರಟುಹೋದರು. ಅವರಿಗೆ ಒಳಗೊಳಗೆ ಸತ್ಯ ತಿಳಿದಿತ್ತೋ ಇಲ್ಲವೋ, ಅವರ ಬೆನ್ನು ನೋಡಿ ಹೇಳುವ ಹಾಗಿರಲಿಲ್ಲ.

ಶೇಕಡಾ ಹಿಂದಿನ ಬಾಗಿಲಿನಿಂದ ಬೀದಿಗೆ ಬಂದಾಗ ವಿಮಾ ಕಂಪನಿಯ ಉದ್ದನೆಯ ಕಾರು ಹೊರಡುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಡ್‌ಮೇಡಂ ರಾಣಿಯಂತೆ ಕೂತಿದ್ದರು. ಪಕ್ಕದಲ್ಲಿ ಮೇಷ್ಟ್ರು, ಶೇಕಡಾನ ಕೋಟು ತೊಟ್ಟುಕೊಂಡು, ಕಂಪನಿಯ ಚಾಲಕನ ಪ್ರತಿ ತಿರುವಿಗೂ ನೆಲ ಒತ್ತುತ್ತಿದ್ದ. ಅವರಿಬ್ಬರೇ. ಕಾರು ತಿರುವಿನಲ್ಲಿ ಮರೆಯಾಯಿತು.

ಗೇಟಿನ ಕಂಬದ ಮರೆಯಿಂದ ಹೆಂಡತಿ ಬಂದಳು.

“ನೀನು... ಹೋಗಲಿಲ್ವಾ?”

“ಅತ್ತೆಯೋರು ಜೀವಮಾನದಲ್ಲಿ ಸಮುದ್ರ ನೋಡಿಲ್ಲ, ತಾಯಿ ಮಗ ಹೋಗಿ ಬರಲಿ ಅಂದೆ. ಅದನ್ನೇ ಹೇಳೋಕೆ ಬಾಯಿ ತೆಗೆದಿದ್ದೆ. ಎರಡು ನಿಮಿಷ ಸುಮ್ಮನಿರೋಕೆ ಆಗಲಿಲ್ವಾ ನಿಮಗೆ?”

ಶೇಕಡಾನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಅವನಿಗೆ ಹೆಂಡತಿಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. “ಗೊತ್ತಿಲ್ಲ ಅಂದೆಯಲ್ಲೇ ನನ್ನ.”

“ಗೊತ್ತು ಅಂದಿದ್ರೆ ನಿಮ್ಮ ಕೆಲಸ ಹೋಗ್ತಿತ್ತು.”

“ಹೋಯ್ತು.”

 “ಅಯ್ಯೋ ದೇವರೇ,” ಅಂದಳು. ಆಮೇಲೆ ಮೆಲ್ಲಗೆ, “ಹಾಗಾದ್ರೆ ಅದು ನಿಮ್ಮ ಜಾಗಾನೇ ಇರಬೇಕು.”

“ಯಾವುದು?”

“ಸಂಪಾದಕರು ನನಗೆ ಕೆಲಸ ಕೊಟ್ರು. ಇನ್ನು ಮುಂದೆ ಸಂಸಾರದ ಕತೆ ಸಂಸಾರದೋರೇ ಬರೀಲಿ ಅಂತ. ಸಂಬಳ ನಿಮ್ಮ ಸಂಬಳದ ಮುಕ್ಕಾಲು ಪಾಲು. ನಾಳೆ ಹತ್ತಕ್ಕೆ ಬನ್ನಿ ಅಂದ್ರು. ನಾನು ಹೂಂ ಅಂದೆ.”

ಶೇಕಡಾ ಮನಸ್ಸಿನಲ್ಲೇ ಮುಕ್ಕಾಲು ಪಾಲಿನ ಲೆಕ್ಕ ಹಾಕಿದ. ಬಾಡಿಗೆ ಹೋಗುತ್ತೆ, ದಿನಸಿ ಹೋಗುತ್ತೆ, ಹೇಗೋ ತೂಗಬಹುದು. ಸ್ವಲ್ಪ ಉಸಿರು ಬಂತು. “ಹೋಗಲಿ ಬಿಡು. ಬಾ, ಮನೆಗೆ ಹೋಗೋಣ,” ಅಂತ ನಿಜವಾಗಲೂ ಅವಳ ಕೈ ಹಿಡಿಯಲು ಹೋದ.

ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡು ಬೀದಿಯ ಎರಡೂ ಕಡೆ ನೋಡಿದಳು. ಸಭಾಂಗಣದಿಂದ ಜನ ಇನ್ನೂ ಹೊರಗೆ ಬರುತ್ತಿದ್ದರು. ಫೈಲಿನ ಮುದುಕರು ಗೇಟಿನ ಹತ್ತಿರವೇ ಇದ್ದರು.

“ದೂರ ನಿಂತ್ಕೊಳ್ರೀ! ನೀವು ಈಗ ಬರೋ ಬಸ್ಸಲ್ಲಿ ಹೋಗಿ. ನಾನು ಮುಂದಿನ ಬಸ್ಸಲ್ಲಿ ಬರ್ತೀನಿ. ಇನ್ಮೇಲೆ ಹೊರಗೆ ನಾವಿಬ್ರೂ ಒಟ್ಟಿಗೆ ಕಾಣಿಸ್ಕೋಬಾರದು. ಯಾರಾದ್ರೂ ನೋಡಿದ್ರೆ ನನ್ನ ಕೆಲಸ ಹೋಗುತ್ತೆ.”

ಬಸ್ಸು ಬಂತು. ಶೇಕಡಾ ಹತ್ತಿದ.